ಈಟಿ ಕಂಡವರಿಗೆ ಸೂಜಿ ಕಾಣಲಿಲ್ಲ

ತಿಮಿಂಗಿಲ ಬೇಟೆಯ ವಿಷಯದಲ್ಲಿ ಜಗತ್ತು ಐವತ್ತು ವರ್ಷಗಳಿಂದ ವಾದಕ್ಕೆ ಬಿದ್ದಿದೆ. ಬೇಡವೆನ್ನುವವರು ಈಟಿಯನ್ನು ತೋರಿಸಿ ‘ಎಂಥ ಕ್ರೌರ್ಯ’ ಎನ್ನುತ್ತಾರೆ. ಬೇಕೆನ್ನುವವರು ಅದೇ ಈಟಿಯನ್ನು ತೋರಿಸಿ ‘ಎಂಥ ಶೌರ್ಯ’ ಎನ್ನುತ್ತಾರೆ. ಇಬ್ಬರ ಕಣ್ಣೂ ದೋಣಿಯ ತುದಿಯಲ್ಲಿ ನಿಂತ ಗಂಡಸಿನ ಮೇಲೆ. ಆ ದೋಣಿಯನ್ನು ಹೊಲಿದವರು ಯಾರು, ಅವನ ಮೈಮೇಲಿನ ತೊಗಲಂಗಿ ಯಾರ ಕೈಯದು, ತಂದ ಮಾಂಸ ಕೆಡದಂತೆ ಕಾಯುವವರು ಯಾರು, ಇಡೀ ಊರಿಗೆ ಅದನ್ನು ಬಡಿಸುವವರು ಯಾರು ಎಂದು ಕೇಳಿದವರು ಬೆರಳೆಣಿಕೆಯಷ್ಟು. ಅಡಿಗೆಮನೆಯನ್ನು ಬಿಟ್ಟು ಅನ್ನದ ನ್ಯಾಯ ಹೇಳಹೊರಟರೆ ಅದು ಅರ್ಧ ನ್ಯಾಯವೂ ಆಗುವುದಿಲ್ಲ. ನನ್ನ ತಕರಾರು ಇಷ್ಟೇ.

ಮೊದಲೇ ಹೇಳಿಬಿಡುತ್ತೇನೆ. ನಾನು ಮಾಂಸ ಬೇಯದ ಮನೆಯಲ್ಲಿ ಹುಟ್ಟಿ, ಅಂಥದೇ ಮನೆ ಸೇರಿದವಳು. ಇವತ್ತಿಗೂ ಮೊಟ್ಟೆ ಒಡೆದವಳಲ್ಲ. ಅಲಾಸ್ಕಾ ನೋಡಿದವಳೂ ಅಲ್ಲ. ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತ ಬಂದವಳಾದ್ದರಿಂದ, ಪಾಠದ ಪುಸ್ತಕ ಎರಡು ಸಾಲಿನಲ್ಲಿ ಮುಗಿಸಿದ ಜನರ ಬಗ್ಗೆ ಮತ್ತಷ್ಟು ಓದುವ ಚಾಳಿ ಅಂಟಿಕೊಂಡಿದೆ. ‘ಎಸ್ಕಿಮೋಗಳು ಮಂಜಿನ ಮನೆಯಲ್ಲಿ ವಾಸಿಸುತ್ತಾರೆ, ಹಸಿ ಮಾಂಸ ತಿನ್ನುತ್ತಾರೆ’ ಎಂಬ ಆ ಎರಡು ಸಾಲು ನಮ್ಮ ತಲೆಮಾರಿನ ಎಷ್ಟೋ ಜನಕ್ಕೆ ಬಾಯಿಪಾಠ. ಆ ಜನಕ್ಕೆ ಅವರದೇ ಹೆಸರಿದೆ. ಅಲಾಸ್ಕಾದ ಉತ್ತರ ಮತ್ತು ವಾಯವ್ಯ ಕರಾವಳಿಯವರು ತಮ್ಮನ್ನು ಇನುಪಿಯಾಟ್ ಎಂದು ಕರೆದುಕೊಳ್ಳುತ್ತಾರೆ. ‘ನಿಜವಾದ ಜನ’ ಎಂದು ಅದರ ಅರ್ಥ. ಅವರಿರುವುದು ಮರದ ಮನೆಗಳಲ್ಲಿ. ಅವರ ದೊಡ್ಡ ಊರಿಗೆ ಬಹಳ ಕಾಲ ಬ್ಯಾರೋ ಎಂಬ ಇಂಗ್ಲಿಷ್ ಹೆಸರಿತ್ತು. 2016ರಲ್ಲಿ ಊರಿನವರು ಮತ ಹಾಕಿ ಉಟ್ಕಿಯಾಗ್ವಿಕ್ ಎಂಬ ತಮ್ಮ ಹಳೆಯ ಹೆಸರನ್ನೇ ಮರಳಿ ತಂದುಕೊಂಡರು. ಅಮೆರಿಕ ದೇಶದ ತೀರ ಉತ್ತರದ ಊರು ಅದು. 2020ರ ಜನಗಣತಿಯಂತೆ ಅಲ್ಲಿ ಐದು ಸಾವಿರಕ್ಕೂ ತುಸು ಕಡಿಮೆ ಜನ.

ಆ ಊರಿನಲ್ಲಿ ನವೆಂಬರ್ ಮಧ್ಯದಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಎರಡು ತಿಂಗಳ ಮೇಲೆ, ಜನವರಿಯಲ್ಲಿ. ಬೇಸಿಗೆಯಲ್ಲಿ ಹೆಚ್ಚುಕಡಿಮೆ ಮೂರು ತಿಂಗಳು ಮುಳುಗುವುದೇ ಇಲ್ಲ. ನೆಲದಡಿಯ ಮಣ್ಣು ವರ್ಷವಿಡೀ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಅಲ್ಲಿ ಜೋಳ ಬಿತ್ತುವಂತಿಲ್ಲ, ಹಿತ್ತಲಲ್ಲಿ ಬಸಳೆ ಹಬ್ಬಿಸುವಂತಿಲ್ಲ. ಹೊರಗಿನಿಂದ ಬರುವ ರಸ್ತೆಯೂ ಇಲ್ಲ. ಅಂಗಡಿಯ ಅಕ್ಕಿ, ಹಾಲು, ಟೊಮೆಟೊ ಎಲ್ಲ ಬರಬೇಕಾದದ್ದು ವಿಮಾನದಲ್ಲಿ, ಇಲ್ಲವೇ ಬೇಸಿಗೆಯಲ್ಲಿ ಮಂಜು ಕರಗಿದಾಗ ಹಡಗಿನಲ್ಲಿ. ಬೆಲೆ ಹೇಗಿದ್ದೀತು, ತಿಂಗಳ ಲೆಕ್ಕ ಬರೆಯುವ ನಿಮಗೆ ನಾನು ಹೇಳಬೇಕಿಲ್ಲ.

ಇಂಥ ಕಡೆ ಮನುಷ್ಯರು ಸಾವಿರಾರು ವರ್ಷ ಬದುಕಿಬಂದದ್ದು ಕಡಲನ್ನು ನಂಬಿ. ಸೀಲ್, ವಾಲ್‌ರಸ್, ಮೀನು, ಬಾತು, ಒಳನಾಡಿನ ಕ್ಯಾರಿಬೂ ಎಂಬ ಸಾರಂಗ, ಇವೆಲ್ಲಕ್ಕೂ ಮಿಗಿಲಾಗಿ ಬೋಹೆಡ್ ಎಂಬ ತಿಮಿಂಗಿಲ. ಅವರ ಭಾಷೆಯಲ್ಲಿ ಅದು ಅಗ್ವಿಕ್. ದೊಡ್ಡದಾದರೆ 18 ಮೀಟರ್ ಉದ್ದ, ಹತ್ತಾರು ಟನ್ ತೂಕ. ಅದರ ಕಪ್ಪು ಚರ್ಮವನ್ನು ಕೆಳಗಿನ ಕೊಬ್ಬಿನ ಸಮೇತ ತುಂಡು ಮಾಡಿದರೆ ಅದು ಮಕ್ತಕ್. ಹಸಿಯಾಗಿ, ಹೆಪ್ಪುಗಟ್ಟಿಸಿ, ಇಲ್ಲವೇ ಕುದಿಸಿ ತಿನ್ನುತ್ತಾರೆ. ‘ಹಸಿ’ ಎಂಬ ಮಾತಿಗೆ ಮೂಗು ಮುರಿಯುವ ಮೊದಲು ಒಂದು ವಿಷಯ ತಿಳಿಯಬೇಕು. ಆ ಚರ್ಮದಲ್ಲಿ ವಿಟಮಿನ್ ಸಿ ಇದೆ. ಬಹಳ ಬೇಯಿಸಿದರೆ ಅದು ನಷ್ಟವಾಗುತ್ತದೆ. ಯುರೋಪಿನ ನಾವಿಕರು ಹಣ್ಣು ತರಕಾರಿ ಸಿಗದೆ ಒಸಡಿನಲ್ಲಿ ರಕ್ತ ಒಸರಿ ಸಾಯುತ್ತಿದ್ದ ಕಾಲದಲ್ಲಿ, ನಿಂಬೆಹಣ್ಣನ್ನೇ ಕಾಣದ ಈ ಜನ ಗಟ್ಟಿಮುಟ್ಟಾಗಿದ್ದರು. ಯಾವ ಪ್ರಯೋಗಶಾಲೆಯೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಅಡಿಗೆಯೇ ಹೇಳಿಕೊಟ್ಟಿತ್ತು.

ಈಗ ಸೂಜಿಯ ಮಾತಿಗೆ ಬರುತ್ತೇನೆ. ವಸಂತದಲ್ಲಿ, ಏಪ್ರಿಲ್ ಮೇ ತಿಂಗಳಲ್ಲಿ, ಕಡಲಿನ ಮಂಜುಗಡ್ಡೆ ಬಿರಿದು ನೀರಿನ ದಾರಿಗಳು ತೆರೆದುಕೊಳ್ಳುತ್ತವೆ. ಆ ದಾರಿ ಹಿಡಿದೇ ತಿಮಿಂಗಿಲಗಳು ಉತ್ತರಕ್ಕೆ ಬರುವುದು. ಅವುಗಳ ಬಳಿ ಸದ್ದಿಲ್ಲದೆ ಹೋಗಬಲ್ಲ ದೋಣಿ ಉಮಿಯಾಕ್. ಮರದ ಹಂದರಕ್ಕೆ ಗಡ್ಡದ ಸೀಲ್ ಎಂಬ ದೊಡ್ಡ ಪ್ರಾಣಿಯ ಐದಾರು ತೊಗಲುಗಳನ್ನು ಜೋಡಿಸಿ ಹೊಲಿದು ಬಿಗಿದರೆ ದೋಣಿ ಸಿದ್ಧ. ಹೊಲಿಯುವವರು ಹೆಂಗಸರು. ಕೂದಲು ಸಡಿಲವಾಗುವವರೆಗೆ ತೊಗಲನ್ನು ಹುದುಗಿಟ್ಟು, ಹೆರೆದು, ಒದ್ದೆ ಆರದಂತೆ ನೋಡಿಕೊಳ್ಳುತ್ತ ಹೊಲಿಯಬೇಕು. ದಾರವೂ ಅಂಗಡಿಯದಲ್ಲ, ಕ್ಯಾರಿಬೂವಿನ ಬೆನ್ನಿನ ನರವನ್ನು ಎಳೆ ಎಳೆಯಾಗಿ ಬಿಡಿಸಿ ಹೆಣೆದದ್ದು. ಹೊಲಿಗೆ ಬಲ್ಲವರು ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ಸೂಜಿ ತೊಗಲಿನ ಅರ್ಧ ದಪ್ಪಕ್ಕೆ ಮಾತ್ರ ಇಳಿಯಬೇಕು, ಆಚೆ ತೂರಬಾರದು. ಒಂದು ಅಂಚನ್ನು ಇನ್ನೊಂದರ ಮೇಲೆ ಮಡಿಸಿ, ಒಳಮೈಯಿಂದ ಒಂದು ಸಾಲು, ಹೊರಮೈಯಿಂದ ಒಂದು ಸಾಲು. ಸೂಜಿ ಒಂದು ಕಡೆ ಪೂರಾ ತೂರಿತೋ, ಆ ತೂತಿನಿಂದ ಆರ್ಕ್ಟಿಕ್ ಕಡಲು ಒಳಗೆ ಬಂತು. ಆ ನೀರಿಗೆ ಬಿದ್ದವನು ಬದುಕುವುದು ನಿಮಿಷಗಳ ಲೆಕ್ಕದಲ್ಲಿ.

ನಮ್ಮ ಕಡೆ ಕೌದಿ ಹೊಲಿಯುವಾಗ ಓಣಿಯ ಹೆಂಗಸರೆಲ್ಲ ಸುತ್ತ ಕೂತು ಆಳಿಗೊಂದು ಅಂಚು ಹಿಡಿಯುತ್ತಿದ್ದರಲ್ಲ, ಹಾಗೆಯೇ ಅಲ್ಲಿಯೂ ಕೂಡಿ ಕೂತು ಹೊಲಿಯುತ್ತಾರೆ. ಅವರಿಗೆಲ್ಲ ಊಟ ಹಾಕುವುದು ದೋಣಿಯ ಯಜಮಾನನ ಹೆಂಡತಿಯ ಹೊಣೆ. ನಮ್ಮ ಕೌದಿಯ ಹೊಲಿಗೆ ಬಿಚ್ಚಿದರೆ ಚಳಿಯಾದೀತು. ಅವರ ಹೊಲಿಗೆ ಬಿಚ್ಚಿದರೆ ಆರೇಳು ಮನೆಯ ಗಂಡಸರು ಮುಳುಗುತ್ತಾರೆ. ಹೀಗಿರುವಾಗ ಬೇಟೆಯೆಂದರೆ ಗಂಡಸಿನ ಕೆಲಸ, ಹೆಂಗಸು ‘ಸಹಾಯ’ ಮಾಡುತ್ತಾಳೆ ಎಂದು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನುಪಿಯಾಟ್ ಜನ ತಾವೇ ಹಾಗೆ ಹೇಳುವುದಿಲ್ಲ. ಬಾರ್ಬರಾ ಬೋಡನ್‌ಹಾರ್ನ್ ಎಂಬ ಮಾನವಶಾಸ್ತ್ರಜ್ಞೆ ಅವರ ನಡುವೆ ಇದ್ದು ಅಧ್ಯಯನ ಮಾಡಿದಾಕೆ. ದೊಡ್ಡ ಬೇಟೆಗಾರ ತಾನಲ್ಲ, ತನ್ನ ಹೆಂಡತಿ ಎಂದು ಅಲ್ಲಿಯ ಗಂಡಸು ಹೇಳಿದ ಮಾತನ್ನೇ ಆಕೆ 1990ರಲ್ಲಿ ತನ್ನ ಲೇಖನಕ್ಕೆ ತಲೆಬರಹವಾಗಿ ಇಟ್ಟಳು. ಅದು ಹೆಂಡತಿಯನ್ನು ಹೊಗಳುವ ಉಪಚಾರದ ಮಾತಲ್ಲ. ತಿಮಿಂಗಿಲ ಬರುವುದು ಮನೆಯೊಡತಿಯನ್ನು ನೋಡಿ ಎಂದು ಅವರ ನಂಬಿಕೆ. ಅವಳು ಉದಾರಿಯೇ, ಹಂಚಿ ತಿನ್ನುವವಳೇ, ಅವಳ ಉಗ್ರಾಣ ಚೊಕ್ಕಟವಾಗಿದೆಯೇ ಎಂದು ನೋಡಿ ಅದು ತನ್ನನ್ನು ಒಪ್ಪಿಸಿಕೊಳ್ಳುತ್ತದಂತೆ. ಹಿಂದಿನ ಕಾಲದಲ್ಲಿ ಪಾಯಿಂಟ್ ಹೋಪ್‌ನಂಥ ಊರುಗಳಲ್ಲಿ, ಗಂಡ ಮಂಜಿನ ಮೇಲಿರುವಷ್ಟು ದಿನ ಯಜಮಾನಿ ಮನೆಯಲ್ಲಿ ಚಾಕು ಮುಟ್ಟದೆ, ಸೂಜಿ ಹಿಡಿಯದೆ ಶಾಂತಳಾಗಿ ಕೂರಬೇಕಿತ್ತು. ಅವಳ ಶಾಂತಿಯೇ ತಿಮಿಂಗಿಲದ ಶಾಂತಿ. ಬೇಟೆ ದಡ ಮುಟ್ಟಿದಾಗ ಅದರ ಬಾಯಿಗೆ ಸಿಹಿನೀರು ಹನಿಸುತ್ತಿದ್ದವಳೂ ಅವಳೇ. ಉಪ್ಪುನೀರಿನಲ್ಲಿ ಬಾಳಿದ ಅತಿಥಿಗೆ ಬಾಯಾರಿಕೆಯಾಗಿರುತ್ತದೆ ಎಂದು. ಕೊಲ್ಲುವವರು ಅತಿಥಿ ಸತ್ಕಾರದ ಮಾತಾಡುತ್ತಾರಲ್ಲ ಎಂದು ನಗುವವರು ನಗಲಿ. ತಿನ್ನುವ ಜೀವಕ್ಕೆ ಮೊದಲು ನೀರು ಕೊಡಬೇಕೆಂಬ ಸಂಕೋಚವಾದರೂ ಅವರಲ್ಲಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಮಾಂಸ ತರುವ ಪೇಟೆಯಲ್ಲಿ ಆ ಸಂಕೋಚ ಎಲ್ಲಿ ಹೋಯಿತು?

ತಿಮಿಂಗಿಲ ಸಿಕ್ಕಿತೆಂದು ಸುದ್ದಿ ಬಂದರೆ ಪ್ರಾರ್ಥನೆ ಹೇಳುತ್ತಾರೆ. ಈಗ ಅವರಲ್ಲಿ ಹೆಚ್ಚಿನವರು ಕ್ರೈಸ್ತರು. ರಾಟೆಗೆ ಹಗ್ಗ ಕಟ್ಟಿ, ಗಂಡಸರು ಹೆಂಗಸರು ಮಕ್ಕಳು ಸಾಲುಗಟ್ಟಿ ನಿಂತು ಆ ಬೆಟ್ಟದಂಥ ದೇಹವನ್ನು ಮಂಜಿನ ಮೇಲಕ್ಕೆ ಎಳೆಯುತ್ತಾರೆ. ಉದ್ದ ಹಿಡಿಯ ಚಾಕುಗಳಿಂದ ಭಾಗ ಮಾಡುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಹೆಂಗಸರು ಒಲೆ ಹಚ್ಚಿ ಹೊಸ ಮಕ್ತಕ್ಕನ್ನು ತುಂಡರಿಸಿ ಕುದಿಸುತ್ತಾರೆ. ಇದಕ್ಕೆ ಉನಾಲಿಕ್ ಎಂದು ಹೆಸರು. ಕೊಯ್ಯುವುದು ಉಲು ಎಂಬ ಅರ್ಧಚಂದ್ರದ ಆಕಾರದ ಚಾಕುವಿನಿಂದ. ಅದು ಹೆಂಗಸಿನ ಚಾಕು, ನಮ್ಮ ಈಳಿಗೆಮಣೆಯ ಹಾಗೆ. ಯಜಮಾನನ ಮನೆಯ ಮೇಲೆ ಬಾವುಟ ಏರುತ್ತದೆ. ಬಾವುಟ ಏರಿತೆಂದರೆ ಆ ಮನೆಯ ಬಾಗಿಲು ಊರಿಗೆಲ್ಲ ತೆರೆದಂತೆ. ಬಂದವರಿಗೆ ಊಟ. ನೆರವಿಗೆ ಬಂದ ಪ್ರತಿಯೊಂದು ದೋಣಿಗೂ ಪಾಲು ಇದೆ. ವಿಧವೆಯರಿಗೆ, ಮುದುಕರಿಗೆ, ದೂರದ ಪಟ್ಟಣದಲ್ಲಿರುವ ಬಂಧುಗಳಿಗೂ ಹೋಗುತ್ತದೆ. ಈ ಮಾಂಸವನ್ನು ದುಡ್ಡಿಗೆ ಮಾರುವಂತಿಲ್ಲ. ಕಾನೂನೂ ಒಪ್ಪುವುದಿಲ್ಲ, ಸಂಪ್ರದಾಯವೂ ಒಪ್ಪುವುದಿಲ್ಲ. ಗಂಡನಿಗೆ ಬರುವ ‘ದೊಡ್ಡ ಯಜಮಾನ’ ಎಂಬ ಹೆಸರು ಅವನ ಹೆಂಡತಿ ಎಷ್ಟು ಹಂಚಿದಳು ಎಂಬುದರಿಂದ ಬರುತ್ತದೆ.

ಉಳಿದದ್ದನ್ನು ಇಡುವುದು ಸಿಗ್ಲುವಾಕ್ ಎಂಬ ನೆಲಮಾಳಿಗೆಯಲ್ಲಿ. ಹೆಪ್ಪುಗಟ್ಟಿದ ಮಣ್ಣನ್ನು ಆಳಕ್ಕೆ ತೋಡಿ ಮಾಡಿದ, ಕರೆಂಟು ಬೇಡದ ಶೈತ್ಯಾಗಾರ ಅದು. ಹೊಸ ಬೇಟೆಗೆ ಮೊದಲು ಅದನ್ನು ಖಾಲಿ ಮಾಡಿ, ಕೆರೆದು, ಹೊಸ ಮಂಜು ಹಾಸಿ ಸ್ವಚ್ಛ ಮಾಡಬೇಕು. ಕೊಳಕು ಮಾಳಿಗೆಯ ಮನೆಗೆ ತಿಮಿಂಗಿಲ ಬರುವುದಿಲ್ಲ ಎಂಬ ಮಾತನ್ನು ಮೂಢನಂಬಿಕೆ ಎನ್ನುವವರು, ಅದರ ಹಿಂದಿನ ಬುದ್ಧಿಯನ್ನು ನೋಡಲಿ. ಆಹಾರ ಸುರಕ್ಷತೆಯ ಇಡೀ ಪಾಠ ಆ ಒಂದು ಮಾತಿನಲ್ಲಿದೆ.

ಇನ್ನು ಮಿಕಿಗಾಕ್. ತಿಮಿಂಗಿಲದ ಮಾಂಸ, ಮಕ್ತಕ್ ಮತ್ತು ರಕ್ತವನ್ನು ಕೂಡಿಸಿ ಹುಳಿಬರಿಸಿದ ಪದಾರ್ಥ. ನಮ್ಮಲ್ಲಿ ಉಪ್ಪಿನಕಾಯಿ ಜಾಡಿಯ ಹೊಣೆ ಎಲ್ಲರ ಕೈಗೂ ಕೊಡುವುದಿಲ್ಲವಷ್ಟೆ? ಇದರ ಹೊಣೆಯೂ ಅನುಭವಸ್ಥ ಹೆಂಗಸಿನದು. ಹೆಚ್ಚು ಬೆಚ್ಚಗೂ ಅಲ್ಲ, ಹೆಚ್ಚು ತಣ್ಣಗೂ ಅಲ್ಲದ ಜಾಗದಲ್ಲಿಟ್ಟು, ದಿನವೂ ಮತ್ತೆ ಮತ್ತೆ ಕದಡಿ ಗಾಳಿಯಾಡಿಸಬೇಕು. ಹದ ತಪ್ಪಿದರೆ ಅದು ಊಟವಾಗುವ ಬದಲು ವಿಷವಾಗುತ್ತದೆ. ಅಲಾಸ್ಕಾದಲ್ಲಿ ಹುಳಿಬರಿಸಿದ ಸಾಂಪ್ರದಾಯಿಕ ಆಹಾರಗಳನ್ನು ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇಡುವ ರೂಢಿ ಬಂದ ಮೇಲೆ ಬೊಟುಲಿಸಂ ಎಂಬ ಮಾರಕ ವಿಷಬಾಧೆ ಹೆಚ್ಚಿತೆಂದು ವೈದ್ಯರೇ ಗುರುತಿಸಿದ್ದಾರೆ. ಆ ವಿಷದ ಸೂಕ್ಷ್ಮಾಣು ಬೆಳೆಯುವುದು ಗಾಳಿ ಇಲ್ಲದ ಕಡೆ. ಅಂದರೆ ಅಜ್ಜಿಯ ಪದ್ಧತಿ ಸರಿಯಾಗಿಯೇ ಇತ್ತು, ಹೊಸ ಡಬ್ಬಿ ತಪ್ಪಾಗಿತ್ತು. ಇದಕ್ಕಿಂತ ದೊಡ್ಡ ವಿಜ್ಞಾನ ಯಾವುದು? ಆದರೆ ಇದನ್ನು ವಿಜ್ಞಾನ ಎಂದು ಕರೆಯಲು ನಮ್ಮ ಬಾಯಿ ಬರುವುದಿಲ್ಲ, ಏಕೆಂದರೆ ಇದು ಅಡಿಗೆಮನೆಯಲ್ಲಿ ನಡೆಯಿತು.

ಜೂನ್ ತಿಂಗಳಲ್ಲಿ ನಲುಕತಾಕ್ ಹಬ್ಬ. ಆ ವಸಂತದಲ್ಲಿ ತಿಮಿಂಗಿಲ ಸಿಕ್ಕ ಮನೆಗಳವರು ಊರಿಗೆಲ್ಲ ಬಯಲಿನಲ್ಲಿ ಊಟ ಹಾಕುತ್ತಾರೆ. ಬಾತಿನ ಸಾರು, ಕ್ಯಾರಿಬೂ ಸಾರು, ಮಿಕಿಗಾಕ್, ಮಕ್ತಕ್ ಸರದಿಯಂತೆ ಬರುತ್ತವೆ. ತೊಗಲುಗಳನ್ನು ಜೋಡಿಸಿ ಹೊಲಿದ ಹಾಸನ್ನು ಸುತ್ತ ಜನ ಹಿಡಿದೆಳೆದು, ನಡುವೆ ನಿಂತವರನ್ನು ಆಕಾಶಕ್ಕೆ ಚಿಮ್ಮಿಸುವ ಆಟ ನಡೆಯುತ್ತದೆ. ದೂರದರ್ಶನದವರು ಚಿತ್ರ ತೆಗೆಯುವುದು ಆ ಆಟವನ್ನು. ಬಡಿಸುವ ಕೈಗಳು ಅಲ್ಲಿಯೂ ಚೌಕಟ್ಟಿನ ಹೊರಗೆ.

ಇದನ್ನೆಲ್ಲ ಒಮ್ಮೆ ನಮ್ಮ ಶಿಕ್ಷಕರ ಕೋಣೆಯಲ್ಲಿ ಹೇಳಿದಾಗ ಕಿರಿಯ ಸಹೋದ್ಯೋಗಿ ಒಬ್ಬಳು, “ಏನ್ರೀ ಅಕ್ಕೋರೆ, ಅಷ್ಟು ದೊಡ್ಡ ಪ್ರಾಣಿ, ಅಳಿದುಹೋಗೋ ಜಾತಿ, ಅದನ್ನ ಹೊಡದು ತಿನ್ನೋರ ಪರವಾಗಿ ಮಾತಾಡ್ತೀರಲ್ಲ!” ಎಂದಳು. ಅವಳ ಪ್ರಶ್ನೆ ಪ್ರಾಮಾಣಿಕವಾದದ್ದು. ಉತ್ತರವೂ ಪ್ರಾಮಾಣಿಕವಾಗಿರಬೇಕು. ಆ ಜಾತಿಯನ್ನು ಅಳಿವಿನ ಅಂಚಿಗೆ ತಳ್ಳಿದವರು ಯಾರು?

1848ರಲ್ಲಿ ಥಾಮಸ್ ವೆಲ್ಕಂ ರಾಯ್ಸ್ ಎಂಬ ಅಮೆರಿಕನ್ ಕಪ್ತಾನ ‘ಸುಪೀರಿಯರ್’ ಎಂಬ ಹಡಗಿನಲ್ಲಿ ಬೇರಿಂಗ್ ಜಲಸಂಧಿ ದಾಟಿ ಉತ್ತರಕ್ಕೆ ಬಂದ. ಅವನ ಹಿಂದೆ ಸಾಲುಸಾಲಾಗಿ ಹಡಗುಗಳು ಬಂದವು. 1914ರ ಹೊತ್ತಿಗೆ ಅವರು ಕೊಂದ ಬೋಹೆಡ್ ತಿಮಿಂಗಿಲಗಳು 16,000ಕ್ಕೂ ಹೆಚ್ಚು. ಮೊದಮೊದಲು ದೀಪದ ಎಣ್ಣೆಗಾಗಿ. ನೆಲದಿಂದ ಎಣ್ಣೆ ತೆಗೆಯಲು ಕಲಿತ ಮೇಲೆ ಬೇಕಾದದ್ದು ಅದರ ಬಾಯಿಯೊಳಗಿನ ಬಲೀನ್ ಪಟ್ಟಿ. ಈ ತಿಮಿಂಗಿಲಕ್ಕೆ ಹಲ್ಲಿಲ್ಲ. ನಮ್ಮ ಉಗುರಿನಂಥದೇ ವಸ್ತುವಿನ, ನಾಲ್ಕು ಮೀಟರ್‌ವರೆಗೆ ಉದ್ದದ ಪಟ್ಟಿಗಳು ಬಾಚಣಿಗೆಯಂತೆ ಸಾಲಾಗಿರುತ್ತವೆ. ಬಾಗಿದರೂ ಮುರಿಯದ ಆ ಪಟ್ಟಿ ಎಲ್ಲಿಗೆ ಹೋಯಿತು ಗೊತ್ತೆ? ನ್ಯೂಯಾರ್ಕಿನ, ಲಂಡನ್ನಿನ, ಪ್ಯಾರಿಸ್ಸಿನ ಹೆಂಗಸರ ಸೊಂಟಕ್ಕೆ. ಕಾರ್ಸೆಟ್ ಎಂಬ ಒಳಗವಚದಲ್ಲಿ ಅದನ್ನು ಸೇರಿಸಿ ಹೊಲಿದು, ಉಸಿರು ಕಟ್ಟುವಂತೆ ಬಿಗಿದು, ಹೆಣ್ಣಿನ ನಡು ಸಣ್ಣಗಿರಬೇಕೆಂಬ ಗಂಡಸರ ಕಣ್ಣಿನ ಆಸೆಯನ್ನು ತೀರಿಸಿದರು. ಬಲೀನಿಗೆ ಬೆಲೆ ಏರಿದಾಗ, ಎಷ್ಟೋ ಸಲ ತಿಮಿಂಗಿಲದ ತಲೆಯಿಂದ ಪಟ್ಟಿಗಳನ್ನಷ್ಟೇ ಕಿತ್ತುಕೊಂಡು, ಒಂದು ಊರು ತಿಂಗಳುಗಟ್ಟಲೆ ಉಣ್ಣಬಹುದಾಗಿದ್ದ ಉಳಿದ ದೇಹವನ್ನು ಕಡಲಿಗೆ ಬಿಟ್ಟು ಹೋದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಉಡುಪಿನ ಫ್ಯಾಶನ್ ಬದಲಾಗಿ, ಉಕ್ಕಿನ ಪಟ್ಟಿಗಳು ಬಂದು, ಬಲೀನಿನ ಬೆಲೆ ಬಿತ್ತು. ತಿಮಿಂಗಿಲಗಳು ಬದುಕಿದ್ದು ಯಾರ ಕರುಣೆಯಿಂದಲೂ ಅಲ್ಲ, ಬೆಲೆ ಬಿದ್ದದ್ದರಿಂದ. ಅಷ್ಟರಲ್ಲಿ ಹಡಗಿನವರು ತಂದ ಹೆಂಡ, ದಡಾರ, ಇನ್‌ಫ್ಲುಯೆಂಜಾ ಕರಾವಳಿಯ ಹಳ್ಳಿಗಳನ್ನು ಅರ್ಧ ಖಾಲಿ ಮಾಡಿದ್ದವು.

ಎಣಿಸಿ ನೋಡಿ. ಒಂದು ಕಡೆ ಉಡುಪಿಗಾಗಿ ಕೊಂದು ಊಟವನ್ನು ಎಸೆದವರು. ಇನ್ನೊಂದು ಕಡೆ ಊಟಕ್ಕಾಗಿ ಕೊಂದು ನರದಿಂದ ಹಿಡಿದು ಚರ್ಮದವರೆಗೆ ಬಳಸಿದವರು. ಕೊನೆಗೆ ದಂಡ ಬಿದ್ದದ್ದು ಯಾರಿಗೆ?

1977ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಭೆ ಸೇರಿ, ಅಲಾಸ್ಕಾದ ಮೂಲನಿವಾಸಿಗಳಿಗೆ ಬೋಹೆಡ್ ಬೇಟೆಯಲ್ಲಿದ್ದ ವಿನಾಯಿತಿಯನ್ನು ತೆಗೆದುಹಾಕಿತು. ಮುಂದಿನ ವರ್ಷ ಒಂದೂ ಇಲ್ಲ ಎಂದು ಹೇಳಿತು. ಉಳಿದಿರುವ ಬೋಹೆಡ್‌ಗಳು ಎರಡು ಸಾವಿರವೂ ಇಲ್ಲವೆಂದು ಆಗಿನ ವಿಜ್ಞಾನಿಗಳ ಅಂದಾಜು. ಆತಂಕ ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. ಆ ವರ್ಷಗಳಲ್ಲಿ ಪೆಟ್ಟು ತಿಂದು ಕೈಗೆ ಸಿಗದೆ ಹೋಗುವ ತಿಮಿಂಗಿಲಗಳ ಸಂಖ್ಯೆ ಹೆಚ್ಚಾಗಿತ್ತು. ಆದರೆ ಹಳ್ಳಿಯ ಬೇಟೆಗಾರರು, ನಿಮ್ಮ ಎಣಿಕೆ ತಪ್ಪು, ತಿಮಿಂಗಿಲ ಮಂಜಿಗೆ ಹೆದರುವುದಿಲ್ಲ, ಮಂಜಿನಡಿಯೇ ಈಜಿ ತಲೆಯಿಂದ ಮಂಜು ಒಡೆದು ಉಸಿರಾಡುತ್ತದೆ, ನಿಮ್ಮ ಕಣ್ಣಿಗೆ ಕಾಣದೆ ದೂರದಲ್ಲೂ ಹಾದುಹೋಗುತ್ತದೆ ಎಂದರು. ಹ್ಯಾರಿ ಬ್ರೋವರ್ ಸೀನಿಯರ್ ಎಂಬ ಹಿರಿಯ ಬೇಟೆಗಾರ ಕುಳಿತು ವಿಜ್ಞಾನಿಗಳಿಗೆ ಇದನ್ನು ಬಿಡಿಸಿ ಹೇಳಿದ. 1980ರ ದಶಕದಲ್ಲಿ ನೀರಿನೊಳಗೆ ಧ್ವನಿಗ್ರಾಹಕ ಇಳಿಸಿ ಕೇಳಿದಾಗ ಅವನ ಮಾತು ನಿಜವಾಯಿತು. ಕಣ್ಣಿಗೆ ಕಾಣದೆ ಹೋಗುತ್ತಿದ್ದ ತಿಮಿಂಗಿಲಗಳ ದನಿ ಕೇಳಿಸಿತು. 2011ರ ಎಣಿಕೆಯಲ್ಲಿ ಅವುಗಳ ಸಂಖ್ಯೆ ಸುಮಾರು 17,000.

ಬೇಟೆಗಾರರು ಬರೀ ಪ್ರತಿಭಟಿಸಲಿಲ್ಲ. ಅದೇ 1977ರಲ್ಲಿ ಅಲಾಸ್ಕಾ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗವನ್ನು ಕಟ್ಟಿ, ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಇಂದು ಅದರಲ್ಲಿ 11 ಊರುಗಳಿವೆ. ಮರಿಯನ್ನೂ, ಮರಿಯ ಜೊತೆಗಿರುವ ತಾಯಿಯನ್ನೂ ಮುಟ್ಟುವಂತಿಲ್ಲ. ತಿಮಿಂಗಿಲ ಬೇಗ ಸಾಯುವಂತೆ, ನರಳದಂತೆ ಉತ್ತಮ ಆಯುಧ ಬಳಸಬೇಕು. 2018ರಲ್ಲಿ ಅಂತರರಾಷ್ಟ್ರೀಯ ಆಯೋಗವೇ 2019ರಿಂದ ಏಳು ವರ್ಷಕ್ಕೆ 392 ತಿಮಿಂಗಿಲಗಳ ಮಿತಿ ಹಾಕಿ, ಅದರಲ್ಲಿ ರಷ್ಯಾದ ಕರಾವಳಿಯ ಮೂಲನಿವಾಸಿಗಳ ಪಾಲನ್ನೂ ಸೇರಿಸಿತು. ಇದನ್ನೂ ಮಾರಾಟಕ್ಕಾಗಿ ದೊಡ್ಡ ಹಡಗಿನಲ್ಲಿ ಹೋಗಿ ಕೊಲ್ಲುವ ದೇಶಗಳ ವ್ಯಾಪಾರವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವವರಿಗೆ ಊಟಕ್ಕೂ ವ್ಯಾಪಾರಕ್ಕೂ ವ್ಯತ್ಯಾಸ ಗೊತ್ತಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಕ್ಯಾನ್‌ಬೆರಾದಲ್ಲಿ ಈ ನಿಷೇಧ ಬಂದ ಅದೇ 1977ರ ಜೂನ್‌ನಲ್ಲಿ, ಇದೇ ಇನುಪಿಯಾಟ್ ನೆಲದ ಪ್ರುಡೋ ಕೊಲ್ಲಿಯಿಂದ ದೊಡ್ಡ ಕೊಳವೆ ಮಾರ್ಗದಲ್ಲಿ ಪೆಟ್ರೋಲಿನ ಕಚ್ಚಾ ಎಣ್ಣೆ ಹರಿಯತೊಡಗಿತು. ಹಳ್ಳಿಯ ಹೆಂಗಸಿನ ಪಾತ್ರೆಗೆ ಬೀಗ ಹಾಕಿದ ಜಗತ್ತು ತನ್ನ ಮೋಟಾರಿಗೆ ಅವಳ ಹಿತ್ತಲಿನಿಂದಲೇ ಎಣ್ಣೆ ತುಂಬಿಸಿಕೊಂಡಿತು. ಎಣ್ಣೆಯ ಹಣದಿಂದ ಆ ಊರುಗಳಿಗೆ ಶಾಲೆ, ಆಸ್ಪತ್ರೆ ಬಂದವು, ಸುಳ್ಳಲ್ಲ. ಆದರೆ ಜಗತ್ತು ಸುಟ್ಟ ಆ ಎಣ್ಣೆಯ ಬಿಸಿಯೂ ಮೊದಲು ತಟ್ಟಿದ್ದು ಅವರಿಗೇ. ಕಡಲ ಮಂಜು ತೆಳುವಾಗಿ, ಅದರ ಮೇಲೆ ಬಿಡಾರ ಹೂಡುವುದು ಅಪಾಯವಾಗಿದೆ. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕೆಲವು ಸಿಗ್ಲುವಾಕ್‌ಗಳಲ್ಲಿ ನೀರು ಜಿನುಗಿ ಆಹಾರ ಕೆಡುತ್ತಿದೆ.

“ಅವರೀಗ ಮೋಟಾರು ದೋಣಿ, ಬಂದೂಕು ಬಳಸುತ್ತಾರೆ, ಇನ್ನೆಲ್ಲಿಯ ಸಂಪ್ರದಾಯ?” ಎಂದು ಕೇಳುವವರೂ ಇದ್ದಾರೆ. ಶರತ್ಕಾಲದ ತೆರೆದ ಕಡಲಿನಲ್ಲಿ ಮೋಟಾರು ದೋಣಿ ಬಳಸುತ್ತಾರೆ, ನಿಜ. ಸಿಡಿಗುಂಡಿನ ಬಂದೂಕನ್ನು ಅಲ್ಲಿಗೆ ತಂದವರೇ ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಹಡಗಿನವರು. ಗ್ಯಾಸ್ ಒಲೆಯ ಮೇಲೆ ಹೋಳಿಗೆ ಬೇಯಿಸಿದರೆ ನಮ್ಮ ಯುಗಾದಿ ಕೆಟ್ಟಿತೇ? ಮಿಕ್ಸಿಯಲ್ಲಿ ಅರೆದ ಮಸಾಲೆಗೆ ಜಾತಿ ಕೆಟ್ಟಿತೇ? ನಮಗೆ ಅನುಕೂಲ ಬೇಕು, ಅವರು ಮಾತ್ರ ನಮ್ಮ ಪಾಠಪುಸ್ತಕದ ಚಿತ್ರದ ಹಾಗೆ ನಿಂತಿರಬೇಕು! ಸಂಪ್ರದಾಯ ಆಯುಧದಲ್ಲಿಲ್ಲ. ಹಂಚುವುದರಲ್ಲಿದೆ.

ಈ ಜನಕ್ಕೆ ಪ್ರಾಣಿದಯೆ ಇಲ್ಲವೆನ್ನುವವರಿಗೆ 1988ರ ಅಕ್ಟೋಬರ್ ನೆನಪಾಗಲಿ. ಬ್ಯಾರೋ ಹತ್ತಿರ ಮೂರು ಬೂದು ತಿಮಿಂಗಿಲಗಳು ಮಂಜಿನಲ್ಲಿ ಸಿಕ್ಕಿಕೊಂಡವು. ಅವನ್ನು ಮೊದಲು ಕಂಡವನು ಇನುಪಿಯಾಟ್ ಬೇಟೆಗಾರ. ಕೊರೆಯುವ ಚಳಿಯಲ್ಲಿ ಯಾಂತ್ರಿಕ ಗರಗಸ ಹಿಡಿದು, ಸಾಲಾಗಿ ಉಸಿರಾಟದ ಕಿಂಡಿಗಳನ್ನು ಕೊರೆದು ಅವನ್ನು ಜೀವಂತ ಇಟ್ಟವರು ಆ ಬೇಟೆಯ ಊರಿನವರೇ. ಇಡೀ ಜಗತ್ತು ಟೀವಿಯ ಮುಂದೆ ಕೂತು ಕಣ್ಣೀರು ಹಾಕಿತು. ಸೋವಿಯತ್ ಹಡಗು ಬಂದು ಮಂಜು ಒಡೆಯಿತು. ಒಂದು ಮರಿ ಉಳಿಯಲಿಲ್ಲ, ಎರಡು ಹೊರಗೆ ಹೋದವು. ಆ ಕಣ್ಣೀರಿನವರೇ 2017ರಲ್ಲಿ ಏನು ಮಾಡಿದರು? ಸೇಂಟ್ ಲಾರೆನ್ಸ್ ದ್ವೀಪದಲ್ಲಿ – ಅಲ್ಲಿನವರು ಇನುಪಿಯಾಟರ ನೆರೆಯ ಯೂಪಿಕ್ ಜನ – ಹದಿಹರೆಯದ ಹುಡುಗನೊಬ್ಬ ಊರಿಗಾಗಿ ತಿಮಿಂಗಿಲ ಹೊಡೆದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ದೂರದೂರದ ಪ್ರಾಣಿಪ್ರಿಯರು ಅಂತರ್ಜಾಲದಲ್ಲಿ ಅವನಿಗೆ ನೂರಾರು ಬೈಗುಳ ಬರೆದರು, ಸಾಯಿ ಎಂದು ಶಪಿಸಿದರು. ಅವನ ವಯಸ್ಸಿನ ಮಕ್ಕಳಿಗೆ ಪಾಠ ಹೇಳುವ ನನಗೆ ಅದನ್ನು ಓದಿ ಕರುಳು ಹಿಂಡಿದಂತಾಯಿತು. ತಿಮಿಂಗಿಲದ ಮರಿಯ ಮೇಲೆ ದಯೆ, ಮನುಷ್ಯರ ಮಗುವಿನ ಮೇಲೆ ಶಾಪ. ಇದು ಯಾವ ಅಹಿಂಸೆ?

ತಿಮಿಂಗಿಲಕ್ಕೆ ನೋವಾಗುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಇನ್ನೂರು ವರ್ಷ ಬದುಕಬಲ್ಲ ಜೀವ ಅದು. 2007ರಲ್ಲಿ ಸಿಕ್ಕ ಒಂದು ಬೋಹೆಡ್‌ನ ಮೈಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಸಿಡಿಗುಂಡಿನ ತುಂಡು ಹುದುಗಿತ್ತು. ನೂರು ವರ್ಷಕ್ಕೂ ಮೇಲೆ ಅದು ಆ ಗಾಯ ಹೊತ್ತು ಈಜಿತ್ತು. ಅಂಥ ಜೀವ ಸಾಯುವುದು ಸಣ್ಣ ಮಾತಲ್ಲ. ಅದು ಸಣ್ಣ ಮಾತಲ್ಲವೆಂದು ನಮಗಿಂತ ಚೆನ್ನಾಗಿ ತಿಳಿದವರು ಅದಕ್ಕಾಗಿ ಮಾಳಿಗೆ ತೊಳೆದು, ನೀರು ಹನಿಸಿ, ಪ್ರಾರ್ಥಿಸಿ, ಒಂದು ತುಂಡೂ ಹಾಳಾಗದಂತೆ ಕಾಯುವವರು. ಮಾಂಸ ತಿನ್ನದಿರುವುದು ನನ್ನ ಮಟ್ಟಿಗೆ ಒಳ್ಳೆಯದು. ಆದರೆ ನನ್ನ ಈ ಒಳ್ಳೆಯತನಕ್ಕೆ ಹೊಲವಿದೆ, ಮಳೆಯಿದೆ, ವಾರದ ಸಂತೆಯಿದೆ. ಇವೇನೂ ಇಲ್ಲದ ನಾಡಿನ ಹೆಂಗಸಿಗೆ ನನ್ನ ತಟ್ಟೆಯನ್ನು ಅಳತೆಗೋಲಾಗಿ ಹಿಡಿಯುವ ಹಕ್ಕು ನನಗೆ ಯಾರು ಕೊಟ್ಟರು?

ನಮಗೆ ಹೆಂಗಸರಿಗಾದರೂ ಇದು ತಿಳಿಯಬೇಕು. ನಾವು ಬೇಯಿಸಿದ ಅನ್ನಕ್ಕೆ ‘ದುಡಿದು ಹಾಕುವವನ’ ಹೆಸರು ಬರುವುದನ್ನು ತಲೆತಲಾಂತರದಿಂದ ನೋಡುತ್ತ ಬಂದಿದ್ದೇವೆ. ಕಾಳು ಹಸನು ಮಾಡಿದ್ದು, ಹುಳ ಬೀಳದಂತೆ ಇಟ್ಟದ್ದು, ಬಂದ ನೆಂಟರಿಗೆ ಸಾಲದಾಗದಂತೆ ಹಿಗ್ಗಿಸಿ ಬಡಿಸಿದ್ದು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಭೂಮಿಯ ಇನ್ನೊಂದು ತುದಿಯಲ್ಲಿ ಇದೇ ಕೆಲಸವನ್ನು ಕತ್ತಲಲ್ಲಿ, ಚಳಿಯಲ್ಲಿ, ನರದ ದಾರ ಹಿಡಿದು ಮಾಡುವವರನ್ನು ನಾವೂ ಕಾಣದೆ ಹೋದರೆ ಇನ್ಯಾರು ಕಂಡಾರು?

ಇನ್ನೊಂದು ಸಲ ಯಾರದಾದರೂ ಊಟ ಕಂಡು ‘ಛೀ’ ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದನ್ನು ಯಾರು ಸಿದ್ಧಮಾಡಿದರು? ಯಾರ್‍ಯಾರಿಗೆ ಪಾಲು ಹೋಯಿತು? ಎಷ್ಟು ಹಾಳಾಯಿತು? ಈ ಮೂರಕ್ಕೂ ಇನುಪಿಯಾಟ್ ಮನೆಯೊಡತಿ ತಲೆಯೆತ್ತಿ ಉತ್ತರ ಹೇಳಬಲ್ಲಳು. ನಮ್ಮ ಮದುವೆ ಮಂಟಪಗಳ ಹಿಂದೆ ರಾಶಿ ಬೀಳುವ ಎಂಜಲೆಲೆಗಳನ್ನು ನೋಡಿದ ನಾವು ಹೇಳಬಲ್ಲೆವೇ?